ಬ್ರಾಕೆಟ್ಟಿನೊಳಗಿನ ಹೆಸರು

ಮಾಸ್ಕೋ
12 ಅಕ್ಟೋಬರ್ 2023

ಪೂಜ್ಯ ಚನ್ನವೀರಪ್ಪ ಅಣ್ಣನವರಿಗೆ, ಗ್ಲೆಬ್ ನಿಕಲಾಯೆವಿಚ್ ಮಾಡುವ ನಮಸ್ಕಾರಗಳು.

ನಲವತ್ತು ವರ್ಷಗಳ ನಂತರ ಈ ಅಕ್ಷರ ಕಂಡು ತಮಗೆ ಆಶ್ಚರ್ಯವಾಗಬಹುದು. ನೀವು ಇಲ್ಲಿನ ಪ್ರಕಾಶನದಲ್ಲಿ ರಷ್ಯನ್ ಪುಸ್ತಕಗಳನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದ ಆರು ವರ್ಷಗಳೂ ನಿಮ್ಮ ಎದುರಿನ ಮೇಜಿನಲ್ಲಿ ಕುಳಿತು ಕನ್ನಡ ಕಲಿತವನು ನಾನು. ಹಿರಿಯರನ್ನು ‘ಅಣ್ಣ’ ಎಂದು ಕರೆಯಲು ಕಲಿಸಿದವರೂ ನೀವೇ. ನಿಮ್ಮ ವಿಳಾಸ ಬೆಂಗಳೂರಿನ ಒಬ್ಬ ಪ್ರಾಧ್ಯಾಪಕರಿಂದ ದೊರೆಯಿತು. ನಾನು ಕಂಪ್ಯೂಟರಿನಲ್ಲಿ ಪತ್ರ ಬರೆಯುವುದಿಲ್ಲ. ನಡುವೆ ಯಾರು ಓದುತ್ತಾರೋ ತಿಳಿಯದು.

ನಾನು ಒಂದು ಕೋಶ ಸಿದ್ಧಪಡಿಸುತ್ತಿದ್ದೇನೆ. ನಮ್ಮ ಪ್ರಕಾಶನದಲ್ಲಿ ದುಡಿದ ಅನುವಾದಕರು, ಸಂಪಾದಕರು, ಎಲ್ಲರ ಜೀವನ ವಿವರ. ಅವರು ಬಳಸಿದ ಹೆಸರು ಮೊದಲು, ನಿಜವಾದ ಹೆಸರು ಬ್ರಾಕೆಟ್ಟಿನಲ್ಲಿ. ನಮ್ಮ ತಂದೆಯ ಕಾಲದ ಪತ್ರಿಕೆಗಳಲ್ಲಿ ಈ ಪದ್ಧತಿ ಇತ್ತು, ಆಮೇಲೆ ಬಿಟ್ಟುಹೋಯಿತು. ಪ್ರತಿ ಗುರುವಾರ ನಮ್ಮ ಮನೆಯಲ್ಲಿ ಕೆಲವು ವಿದ್ವಾಂಸರು ಸೇರುತ್ತೇವೆ. ಚಹಾ ಕುಡಿಯುತ್ತೇವೆ, ರಷ್ಯಾದ ಮಣ್ಣು ಮತ್ತು ಭಾಷೆಯ ಬಗ್ಗೆ ಮಾತನಾಡುತ್ತೇವೆ. ಕೋಶ ಈ ಗೋಷ್ಠಿಯ ಕೆಲಸ.

ನಿಮ್ಮ ಪ್ರಿಯ ಮಿತ್ರ ಇಲ್ಯಾ ಪೆತ್ರೋವಿಚ್ ಅರ್ಲೋವ್ ಕ್ಷೇಮ. ಪ್ರಕಾಶನ ಕಟ್ಟಿಸಿಕೊಟ್ಟ ಈ ವಸತಿ ಕಟ್ಟಡದಲ್ಲೇ ಇದ್ದಾರೆ, ಅಂಗಳದ ಆಚೆ, ನನ್ನ ಕಿಟಕಿಯ ನೇರಕ್ಕೆ. ಎಂಬತ್ತೆರಡು ವರ್ಷ. ಸಂಜೆ ಐದಕ್ಕೆ ದೀಪ ಹಾಕುತ್ತಾರೆ, ಹತ್ತು ನಿಮಿಷ ನಿಂತು ಹೊರಗೆ ನೋಡುತ್ತಾರೆ. ನಾನೂ ನೋಡುತ್ತೇನೆ. ನಮಗೆ ಮಾತಿಲ್ಲ. ನೀವು ಅವರ ಮನೆಗೆ ಬಹಳ ಹೋಗುತ್ತಿದ್ದಿರಿ. ಅವರ ಬಗ್ಗೆ, ಅವರ ತಾಯಿಯ ಬಗ್ಗೆ ನೆನಪಿರುವುದನ್ನೆಲ್ಲ ಬರೆದರೆ ಕೋಶಕ್ಕೆ ಅನುಕೂಲ.

ನಿಮ್ಮ ವಿಧೇಯ,
ಗ್ಲೆಬ್


ವಿಜಯನಗರ, ಬೆಂಗಳೂರು
20 ನವೆಂಬರ್ 2023

ಪ್ರಿಯ ಗ್ಲೆಬ್, ಶರಣು.

ಕೈಯಲ್ಲಿ ವಿಳಾಸ ಬರೆದ ಲಕೋಟೆ ಈ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು. ಮದುವೆ ಕರೆಯೋಲೆ ಕೂಡ ಈಗ ಫೋನಿನಲ್ಲೇ ಬರುವುದು. ಒಡೆದು ನೋಡಿದರೆ ಮುತ್ತು ಪೋಣಿಸಿದ ಹಾಗೆ ನಿನ್ನ ಕನ್ನಡ! ನಮ್ಮ ಮನೆಯಾಕೆ ದಾನಮ್ಮನಿಗೆ ಜೋರಾಗಿ ಓದಿ ಹೇಳಿದೆ. “ಮೂಲೆ ಮೇಜಿನ ಆ ಸಣ್ಣ ಹುಡುಗ ಅಲ್ವೇನ್ರೀ? ಪಾಪ, ನಿಮ್ಮ ಬೈಗುಳಾನೂ ನೋಟ್ಸ್ ಬರ್ಕೋತಿದ್ದ” ಅಂದಳು. ಅವಳಿಗೂ ಆ ಆರು ವರ್ಷದ ಮಾಸ್ಕೋ ಅಂದರೆ ಇವತ್ತಿಗೂ ಕಣ್ಣು ಅರಳುತ್ತದೆ. ಚಳಿಯನ್ನು ಮಾತ್ರ ಮರೆತುಬಿಟ್ಟಿದ್ದಾಳೆ.

ಕೋಶ ಬಹಳ ಒಳ್ಳೆಯ ಕೆಲಸ. ನಮ್ಮಲ್ಲೂ ಸಾಹಿತಿಗಳ ಕೋಶ ಹಾಗೇ ಇರುತ್ತದೆ. ಕಾವ್ಯನಾಮ ಮುಂದೆ, ತಂದೆತಾಯಿ ಇಟ್ಟ ಹೆಸರು ಬ್ರಾಕೆಟ್ಟಿನಲ್ಲಿ. ಬ್ರಾಕೆಟ್ ಬಿತ್ತು ಅಂದರೆ ಮನುಷ್ಯ ದೊಡ್ಡವನಾದ ಅಂತ ಲೆಕ್ಕ. ನಾನೂ ಒಂದು ಕಾವ್ಯನಾಮ ಇಟ್ಟುಕೊಂಡಿದ್ದೆ. ನನಗೆ ಬ್ರಾಕೆಟ್ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ, ಆ ಮಾತು ಬೇರೆ.

ನಾನು ಇಲ್ಲಿ ಸುಖವಾಗಿದ್ದೇನೆ. ಮೆಟ್ರೋ ಸ್ಟೇಷನ್ನಿನಿಂದ ಐದು ನಿಮಿಷ, ಮಾರ್ಕೆಟ್ಟಿನಿಂದ ಎರಡು. ತರಕಾರಿ ಕೊಳ್ಳಲು ಹೋದ ದಾನಮ್ಮ ಹೂವಿನವಳ ಹತ್ತಿರ ಒಂದು ಗಂಟೆ ನಿಲ್ಲುತ್ತಾಳೆ, ಅದೊಂದೇ ನನ್ನ ಕಷ್ಟ. ಮೇಲಿನ ಮನೆ ಖಾಲಿಯಿದೆ, ಬಾಡಿಗೆಗೆ ಜನ ಬರುತ್ತಿದ್ದಾರೆ. ಬಂದವರನ್ನು ಜಾತಿ ಕೇಳುವುದು ಅನಾಗರಿಕ ಕೆಲಸ, ನಾನು ಕೇಳುವುದಿಲ್ಲ. ಮನೆದೇವರು ಯಾವುದು, ಅಮ್ಮನ ತವರು ಯಾವ ಕಡೆ, ಹಬ್ಬದ ದಿನ ಏನು ಅಡುಗೆ ಅಂತ ಕೇಳುತ್ತೇನೆ. ಮೂರನೇ ಪ್ರಶ್ನೆಗೆ ಎಲ್ಲ ತಿಳಿದುಹೋಗುತ್ತದೆ, ಅವರಿಗೆ ಕಾಫಿ ಕುಡಿದು ಹರಟೆ ಹೊಡೆದ ಹಾಗಿರುತ್ತದೆ. ಪ್ರಕಾಶನದ ಕ್ಯಾಂಟೀನಿನಲ್ಲಿ ನಿನಗೂ ಈ ವಿದ್ಯೆ ಹೇಳಿಕೊಟ್ಟಿದ್ದೆ, ನೆನಪಿದೆಯಾ? ನೀನು ಎಷ್ಟು ನಕ್ಕಿದ್ದೆ!

ಇಲ್ಯಾನ ವಿಷಯಕ್ಕೆ ಬರುತ್ತೇನೆ. ನನ್ನ ಕನ್ನಡ ಅನುವಾದವನ್ನು ಮೂಲ ರಷ್ಯನ್ನಿನ ಜೊತೆ ಸಾಲು ಸಾಲೂ ಇಟ್ಟು ನೋಡುತ್ತಿದ್ದ ಸಂಪಾದಕ ಅವನು. ಜಗಳವಾಡಿಕೊಂಡೇ ಸ್ನೇಹಿತರಾದೆವು. ನನ್ನ ಮಗಳು ಹುಟ್ಟಿದಾಗ ಮೂರು ದಿನ ಆಸ್ಪತ್ರೆಯ ಹೊರಗೆ ನನ್ನ ಜೊತೆ ನಿಂತವನು ಅವನೊಬ್ಬನೇ. ಅವನ ಬಗ್ಗೆ ಏನು ಬರೆಯಲಿ! ಒಂದೇ ಒಂದು ಹೇಳುತ್ತೇನೆ. ಹಿಮ ಕರಗುವ ಕಾಲದಲ್ಲಿ ಒಂದು ಸಲ ನಮ್ಮಿಬ್ಬರನ್ನೂ ಊಟಕ್ಕೆ ಕರೆದ. ಅವನ ತಾಯಿ ರಾಯಿಸಾ ಒಂದು ರೊಟ್ಟಿ ಕೊಟ್ಟರು. ಉಪ್ಪಿಲ್ಲ, ಹುಳಿ ಬಂದಿಲ್ಲ, ಒಣಗಿ ಗರಿಗರಿ. ಮುರಿದರೆ ಟಪ್ ಅನ್ನುವುದು, ಥೇಟ್ ನಮ್ಮ ಹರಪನಹಳ್ಳಿ ಕಡೆಯ ಖಡಕ್ ಜೋಳದ ರೊಟ್ಟಿ! ನಾಲ್ಕು ವರ್ಷದಿಂದ ರೊಟ್ಟಿಯ ಮುಖ ಕಂಡಿರಲಿಲ್ಲ. ಅಲ್ಲೇ ಕಣ್ಣೀರು ಬಂದುಬಿಟ್ಟಿತು. ಆ ತಾಯಿ ಏನೂ ಕೇಳದೆ ನನ್ನ ತಲೆ ಸವರಿದರು. ಇದನ್ನು ಕೋಶದಲ್ಲಿ ಹಾಕು. ಇಲ್ಯಾ ಎಂಥ ಮನೆಯವನು ಅಂತ ಜನಕ್ಕೆ ತಿಳಿಯಲಿ.

ನಿನ್ನ,
ಚನ್ನವೀರಪ್ಪ


ಮಾಸ್ಕೋ
2 ಜನವರಿ 2024

ಪೂಜ್ಯ ಅಣ್ಣನವರಿಗೆ ಹೊಸ ವರ್ಷದ ಶುಭಾಶಯಗಳು.

ನಿಮ್ಮ ಪತ್ರವನ್ನು ಗುರುವಾರದ ಗೋಷ್ಠಿಯಲ್ಲಿ ಅನುವಾದಿಸಿ ಓದಿದೆ. ರೊಟ್ಟಿಯ ಭಾಗವನ್ನು ಎರಡು ಸಲ ಓದಿಸಿದರು. ಒಬ್ಬ ವೃದ್ಧರು ಎದ್ದು ನನ್ನನ್ನು ಆಲಿಂಗಿಸಿದರು.

ಕೆಲವು ಸಣ್ಣ ಸಂದೇಹಗಳಿವೆ. ಅದು ಯಾವ ತಿಂಗಳು? ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದ್ದರೇ? ಕಹಿಯಾದ, ಖಾರವಾದ ಬೇರು ಏನಾದರೂ ಬಡಿಸಿದರೇ? ಮೇಜಿನ ಮೇಲೆ ಎಷ್ಟು ಲೋಟಗಳಿದ್ದವು? ಆ ತಾಯಿಯನ್ನು ಎಲ್ಲಿ ಮಣ್ಣು ಮಾಡಿದರು? ನೀವು ಹೋಗಿದ್ದಿರಾ? ನಿಮ್ಮ ವಿದ್ಯೆಯನ್ನೇ ನಿಮ್ಮ ಮೇಲೆ ಪ್ರಯೋಗಿಸುತ್ತಿದ್ದೇನೆ ಎಂದು ನಗಬೇಡಿ.

ಇಲ್ಯಾ ಪೆತ್ರೋವಿಚ್‌ರ ರಷ್ಯನ್ ಬಗ್ಗೆ ನಾನು ಬಹಳ ಕಾಲದಿಂದ ಯೋಚಿಸಿದ್ದೇನೆ. ಅದರಲ್ಲಿ ಒಂದೇ ಒಂದು ತಪ್ಪಿಲ್ಲ. ತಾಯಿಯ ಹಾಲಿನೊಡನೆ ಭಾಷೆ ಕುಡಿದವನು ತಪ್ಪು ಮಾಡುತ್ತಾನೆ, ಅವನಿಗೆ ಹೆದರಿಕೆಯಿಲ್ಲ. ಪರರ ಮನೆಯಲ್ಲಿ ಇರುವವನು ಮಾತ್ರ ಕಾಲೊರೆಸಿ ನಡೆಯುತ್ತಾನೆ. ನನಗೆ ಯಾರ ಮೇಲೂ ದ್ವೇಷವಿಲ್ಲ, ಅಣ್ಣ. ಯಾರು ಯಾರು ಎಂದು ತಿಳಿದಿರಬೇಕು, ಅಷ್ಟೆ.

ಈಗ ನಾಲ್ಕಕ್ಕೇ ಕತ್ತಲಾಗುತ್ತದೆ. ಅವರು ದೀಪ ಹಾಕುತ್ತಾರೆ. ನಿನ್ನೆ ನನಗೆ ಕೈ ಬೀಸಿದರು. ಯಾಕೋ ತಿಳಿಯಲಿಲ್ಲ.

ನಿಮ್ಮ ಗ್ಲೆಬ್


ವಿಜಯನಗರ
10 ಫೆಬ್ರವರಿ 2024

ಪ್ರಿಯ ಗ್ಲೆಬ್,

ಕೈ ಬೀಸಿದನಾ! ನೀನೂ ಬೀಸಬೇಕಿತ್ತು ಮಾರಾಯ. ಇಬ್ಬರು ಮುದುಕರು, ನಡುವೆ ಒಂದು ಅಂಗಳ, ಮಾತು ಯಾಕೆ ಬಿಟ್ಟಿರಿ? ಹೋಗಿ ಬಾಗಿಲು ತಟ್ಟು. ಚನ್ನ ಕೇಳಿದ ಅಂತ ಹೇಳು.

ತಪ್ಪಿಲ್ಲದ ಭಾಷೆಯ ಬಗ್ಗೆ ನೀನು ಬರೆದದ್ದು ಅರ್ಥವಾಗಲಿಲ್ಲ. ತಪ್ಪಿಲ್ಲದ್ದಕ್ಕೇ ಅಲ್ಲವೇ ಅವನಿಗೆ ಸಂಪಾದಕನ ಸಂಬಳ ಕೊಡುತ್ತಿದ್ದದ್ದು?

ನಿನ್ನ ಪ್ರಶ್ನೆಗಳಿಗೆ ಉತ್ತರ. ಅನುವಾದಕನ ನೆನಪು ನನ್ನದು, ಒಂದು ಅಲ್ಪವಿರಾಮವೂ ಬಿಟ್ಟುಹೋಗುವುದಿಲ್ಲ. 1980ರ ಏಪ್ರಿಲ್. ರೊಟ್ಟಿ ಬಿಳಿ ಬಟ್ಟೆಯಲ್ಲಿ ಸುತ್ತಿತ್ತು. ಖಾರದ ಬೇರು ಇತ್ತು, ದಾನಮ್ಮ ಮೂಲಂಗಿ ಅಂತ ದೊಡ್ಡ ತುಂಡು ಬಾಯಿಗೆ ಹಾಕಿಕೊಂಡು ಮೂಗು ಹಿಡಿದು ಕುಣಿದಳು. ನಾವಿದ್ದದ್ದು ನಾಲ್ಕು ಜನ: ಇಲ್ಯಾ, ಅವನ ತಾಯಿ, ನಾನು, ಇವಳು. ಲೋಟ ಐದು. ಒಂದು ಯಾಕೆ ಹೆಚ್ಚು ಅಂತ ಕೇಳಿದೆ. “ಯಾರಾದರೂ ಬಂದರೆ” ಅಂದರು ಆ ತಾಯಿ. ಊಟದ ನಡುವೆ ಎದ್ದು ಹೊರಬಾಗಿಲನ್ನೂ ತೆರೆದಿಟ್ಟರು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ತಣ್ಣನೆ ಗಾಳಿ ಒಳಗೆ ಬಂದು ಹೋಯಿತು.

1982ರಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋದದ್ದು ಇಲ್ಯಾ ಮತ್ತು ನಾನು ಇಬ್ಬರೇ. ಊರಾಚೆ, ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ, ಇಳಿದು ನೀರಿನ ಟ್ಯಾಂಕಿನ ಹಿಂದೆ ಹಳೆಯ ಸ್ಮಶಾನ. ಬೇಲಿಯಿಂದ ಮೂರನೇ ಸಾಲು. ಕಲ್ಲಿನ ಮೇಲೆ ಎರಡು ಬಗೆಯ ಅಕ್ಷರ ಇತ್ತು, ಒಂದು ನನಗೆ ಓದಲು ಬರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಇಲ್ಯಾ ಒಂದು ವಿಷಯ ಹೇಳಿದ. ಯಾರಿಗೂ ಹೇಳಬೇಡ ಚನ್ನ ಅಂದ. ಆದ್ದರಿಂದ ಅದನ್ನು ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಈ ಕಾಗದ ಅಂಟಿಸಬೇಕು ಅನ್ನುವಷ್ಟರಲ್ಲಿ ದಾನಮ್ಮ ಕೇಳಿದಳು: “ಅಲ್ಲಾ, ಆ ಹುಡುಗ ರೊಟ್ಟಿ ವಿಷ್ಯ ಯಾಕ್ರೀ ಇಷ್ಟು ಕೇಳ್ತಾನೆ? ನೀವು ಬಾಡಿಗೆಯವರನ್ನ ಕೇಳ್ತೀರಲ್ಲ, ಹಂಗೇ ಐತೆ.” ನಿನಗೆ ಅಡುಗೆಯಲ್ಲಿ ಆಸಕ್ತಿ ಅಂದೆ. ಅವಳದು ಒಪ್ಪಿದ ಮುಖ ಅಲ್ಲ.

ಚನ್ನವೀರಪ್ಪ


ಮಾಸ್ಕೋ
5 ಏಪ್ರಿಲ್ 2024

ಪೂಜ್ಯ ಅಣ್ಣನವರಿಗೆ,

ನೀವು ಹೇಳಿದ ರೈಲು ಈಗಲೂ ಓಡುತ್ತಿದೆ. ನೀರಿನ ಟ್ಯಾಂಕೂ ಇದೆ. ಮೊಣಕಾಲುದ್ದ ಹಿಮದಲ್ಲಿ ನಡೆದು ಮೂರನೇ ಸಾಲಿಗೆ ಹೋದೆ. ಕಲ್ಲನ್ನು ಕೈಗವಸಿನಿಂದ ಒರೆಸಿದೆ. ಎರಡು ಬಗೆಯ ಅಕ್ಷರ, ನೀವು ಬರೆದಂತೆಯೇ. ನಿಮಗೆ ಓದಲು ಬಾರದ ಹೀಬ್ರೂ ಅಕ್ಷರಗಳನ್ನು ನಮ್ಮ ಗೋಷ್ಠಿಯ ಒಬ್ಬರು ಫೋಟೋ ನೋಡಿ ಓದಿದರು. ಕರಡಿನ ಪುಟ ಲಗತ್ತಿಸಿದ್ದೇನೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

ಅರ್ಲೋವ್, ಇಲ್ಯಾ ಪೆತ್ರೋವಿಚ್ (ಗುರೆವಿಚ್). ಸಂಪಾದಕ. ಯುದ್ಧಕಾಲದಲ್ಲಿ ತಾಯಿ ಹೆಸರು ಬದಲಿಸಿದಳು. ಪಾಸ್‌ಪೋರ್ಟಿನ ಐದನೇ ಸಾಲಿನಲ್ಲಿ, ಜನಾಂಗದ ಕಾಲಮ್ಮಿನಲ್ಲಿ, ನಲವತ್ತು ವರ್ಷ ‘ರಷ್ಯನ್’ ಎಂದು ಬರೆಸಿಕೊಂಡ ಯಹೂದಿ. ಮನೆಯಲ್ಲಿ ಯಹೂದಿಗಳ ವಸಂತದ ಹಬ್ಬದ ಆಚರಣೆ: ಒಂದು ವಾರ ಬ್ರೆಡ್ ಬಿಟ್ಟು ಹುದುಗಿಲ್ಲದ ರೊಟ್ಟಿ, ಕಹಿ ಬೇರು, ಬರಲಿರುವ ಪ್ರವಾದಿಗೆಂದು ಒಂದು ಲೋಟ, ತೆರೆದ ಬಾಗಿಲು. ಆಧಾರ: ಭಾರತೀಯ ಅನುವಾದಕ ಚನ್ನವೀರಪ್ಪನವರ ಪತ್ರಗಳು.

ಈ ಪುಟವನ್ನು ಯಾರೋ ಉತ್ಸಾಹಿಗಳು ನಮ್ಮ ಕಟ್ಟಡದ ಕೆಳಗಿನ ಫಲಕಕ್ಕೆ ಅಂಟಿಸಿದರು. ನಾನಲ್ಲ. ಮರುದಿನ ಅವರ ಅಂಚೆ ಡಬ್ಬಿಗೆ ಯಾರೋ ಟಾರು ಬಳಿದಿದ್ದರು. ಅದನ್ನು ನಾನು ಒಪ್ಪುವುದಿಲ್ಲ, ಒರಟು ಕೆಲಸ. ಭಾನುವಾರ ಅವರೇ ಅಂಗಳ ದಾಟಿ ನಮ್ಮ ಬಾಗಿಲಿಗೆ ಬಂದರು. ಮಾತು ಬಿಟ್ಟ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ. ಕನ್ನಡದಲ್ಲಿ ಮಾತನಾಡಿದರು. “ಚನ್ನನ ಕಾಗದ ತೋರಿಸು” ಎಂದರು. ಎರಡನ್ನೂ ಕೊಟ್ಟೆ. ಹೊಸ್ತಿಲ ಮೇಲೆ ನಿಂತೇ ಓದಿದರು. ಬಹಳ ಹೊತ್ತಾಯಿತು. ಕೊನೆಗೆ “ಅವನ ಅಕ್ಷರ ಇನ್ನೂ ಹಾಗೇ ಇದೆ” ಎಂದು ಹೇಳಿ, ಮಡಿಸಿ ನನ್ನ ಕೈಗಿಟ್ಟು ಹೋದರು.

ಆ ದಿನದಿಂದ ಕತ್ತಲಾದರೂ ದೀಪ ಹತ್ತಿಲ್ಲ. ಆದರೂ ಕಿಟಕಿಯಲ್ಲಿ ನಿಂತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಕತ್ತಲೆಯಲ್ಲಿ ತಿಳಿಯುವುದಿಲ್ಲ.

ನಿಮ್ಮ ಋಣಿ,
ಗ್ಲೆಬ್


ವಿಜಯನಗರ
2 ಮೇ 2024

ಗ್ಲೆಬ್ ನಿಕಲಾಯೆವಿಚ್ ಅವರಿಗೆ,

ನಿಮ್ಮನ್ನು ಇನ್ನು ‘ನೀನು’ ಅನ್ನಲಾರೆ. ಅದು ನಮ್ಮವರಿಗೆ ಮಾತ್ರ.

ನಾನು ಬರೆದದ್ದೆಲ್ಲ ಸುಳ್ಳು. ರೊಟ್ಟಿ ಇರಲಿಲ್ಲ. ಸ್ಮಶಾನಕ್ಕೆ ಹೋಗಿರಲಿಲ್ಲ. ಎಪ್ಪತ್ತೇಳು ವರ್ಷದ ಮುದುಕ, ಅರಳುಮರಳು, ಕಥೆ ಕಟ್ಟಿದೆ. ಹಾಗಂತ ಕೋಶದಲ್ಲಿ ಅಚ್ಚು ಹಾಕಿ. ಇಲ್ಯಾನ ಪುಟ ತೆಗೆಯಿರಿ. ನನ್ನ ಹೆಸರು ತೆಗೆಯಿರಿ.

ನಿಮ್ಮ ಕಾಗದ ಓದಿ ಮುಗಿಸಿದಾಗ ದಾನಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಬಂದು ಒಂದೇ ಮಾತು ಹೇಳಿದಳು: “ನಾನು ಕೇಳಿದ್ನಲ್ರೀ.” ಅವಳು ಕೇಳಿದ್ದಳು. ನಾನು ಅಡುಗೆ ಅಂದೆ.

ಆ ತಾಯಿ ತಲೆ ಸವರಿದ ಕೈಯನ್ನು ನಾನೇ ಹಿಡಿದು ನಿಮಗೆ ಒಪ್ಪಿಸಿದೆ. ನನಗೆ ನಾಚಿಕೆಯಾಗುತ್ತದೆ. ನನ್ನ ವಿದ್ಯೆ ಅಂತ ಬಡಾಯಿ ಕೊಚ್ಚಿಕೊಂಡೆನಲ್ಲ, ಅದಕ್ಕೂ ನಾಚಿಕೆಯಾಗುತ್ತದೆ.

ಚನ್ನವೀರಪ್ಪ


ಮಾಸ್ಕೋ
18 ಜೂನ್ 2024

ಪೂಜ್ಯ ಅಣ್ಣನವರಿಗೆ,

ನಿಮ್ಮ ಕೋಪ ಆಶೀರ್ವಾದವೆಂದು ಸ್ವೀಕರಿಸಿದ್ದೇನೆ. ಆದರೆ ಕಲ್ಲು ಸುಳ್ಳು ಹೇಳುವುದಿಲ್ಲ, ಅದನ್ನು ನಾನೇ ನೋಡಿ ಬಂದೆ.

ಇನ್ನೊಂದು ವಿಷಯ. ಅದೇ ದಿನಾಂಕದಲ್ಲಿ ನೀವು ಇಲ್ಯಾ ಪೆತ್ರೋವಿಚ್‌ಗೆ ಬರೆದ ರಿಜಿಸ್ಟರ್ ಪತ್ರವೂ ಬಂದಿತು. ಅವರ ಮನೆಗೆ ಬೀಗ. ಮೇ ತಿಂಗಳಿನಲ್ಲೇ ಎಲ್ಲಿಗೋ ಹೋದರೆಂದು ಕೆಳಗಿನ ಮನೆಯವರು ಹೇಳುತ್ತಾರೆ. ಹೋಗುವುದನ್ನು ಕಂಡವರು ಯಾರೂ ಇಲ್ಲ. ಭಾರತದ ಅಂಚೆ ಚೀಟಿ ಕಂಡು ಅಂಚೆಯ ಹೆಂಗಸು ಅದನ್ನು ನನಗೇ ತಂದುಕೊಟ್ಟಳು. ಈ ಕಟ್ಟಡದಲ್ಲಿ ಕನ್ನಡ ಓದಬಲ್ಲವನು ಈಗ ನಾನೊಬ್ಬನೇ, ಆದ್ದರಿಂದ ತೆರೆದೆ.

ನೀವು ಅವರ ಕ್ಷಮೆ ಕೇಳಿರುವ ರೀತಿ ಓದಿ ನನ್ನ ಕಣ್ಣು ತುಂಬಿ ಬಂತು. ಎರಡನೇ ಪುಟದಲ್ಲಿ ‘ಯಾರೋಸ್ಲಾವ್ಲಿನ ಸೋನ್ಯಾಳ ಮನೆಗೆ ಹೊರಟುಹೋಗು, ಅವಳ ಗಂಡನ ಹೆಸರು ಇವರಿಗೆ ಗೊತ್ತಿಲ್ಲ, ಶಾಲೆಯಲ್ಲೂ ಯಾರಿಗೂ ಗೊತ್ತಿಲ್ಲ’ ಎಂದು ಬರೆದಿದ್ದೀರಿ. ಬೇರೆಯಾದ ಹೆಂಡತಿಯ ಬಳಿ ಬೆಳೆದ ಒಬ್ಬ ಮಗಳು ಅವರಿಗಿದ್ದಾಳೆಂದು ನನಗೆ ತಿಳಿದಿತ್ತು. ಊರು ತಿಳಿದಿರಲಿಲ್ಲ. ವಿಚಾರಿಸಿದೆ. ಅಣ್ಣ, ಆಕೆ ಮಕ್ಕಳಿಗೆ ರಷ್ಯನ್ ಸಾಹಿತ್ಯ ಪಾಠ ಮಾಡುತ್ತಾಳೆ! ನಮ್ಮ ಕವಿಗಳನ್ನು ನಮ್ಮ ಮಕ್ಕಳಿಗೆ ಆಕೆ ವಿವರಿಸುತ್ತಾಳೆ. ಗುರುವಾರ ಇದನ್ನು ಹೇಳಿದಾಗ ಯಾರೂ ಚಹಾ ಮುಟ್ಟಲಿಲ್ಲ. ಕೋಶಕ್ಕೆ ಅನುಬಂಧ ಸೇರಿಸಲು ತೀರ್ಮಾನವಾಯಿತು. ಮುಂದಿನ ಪೀಳಿಗೆ.

ಒಂದೇ ಒಂದು ಸಣ್ಣ ವಿವರ ಬೇಕು. ಆಕೆಯ ಇಬ್ಬರು ಮಕ್ಕಳ ಹೆಸರು. ಹೊಸ ವರ್ಷದ ಕಾರ್ಡುಗಳಲ್ಲಿ ನಿಮಗೆ ಬರೆದಿರಬಹುದು. ಅನುಕೂಲವಾದಾಗ ಹುಡುಕಿ ತಿಳಿಸಿ.

ನಿಮ್ಮ ಗ್ಲೆಬ್


ವಿಜಯನಗರ
25 ಜುಲೈ 2024

ಗ್ಲೆಬ್ ನಿಕಲಾಯೆವಿಚ್ ಅವರಿಗೆ,

ಹತ್ತು ದಿನ ಅನ್ನ ಸೇರಲಿಲ್ಲ. ಸ್ನೇಹಿತನನ್ನು ಒಂದು ಸಲ ಹಿಡಿದುಕೊಟ್ಟದ್ದು ಸಾಲದು ಅಂತ, ಉಳಿಸಲು ಹೋಗಿ ಅವನ ಮಗಳನ್ನೂ ಹಿಡಿದುಕೊಟ್ಟೆ. ಈಗ ಮೊಮ್ಮಕ್ಕಳ ಹೆಸರು ಕೇಳುತ್ತಿದ್ದೀರಿ.

ಹುಡುಕಿದೆ. ಹಳೆಯ ಕಾರ್ಡುಗಳ ಜೊತೆ ಬೇರೆ ಒಂದು ನೆನಪೂ ಸಿಕ್ಕಿತು. ಅದನ್ನು ಬಿಟ್ಟರೆ ಕೋಶ ಅಪೂರ್ಣ.

ಲೋಟ ಎಷ್ಟು ಅಂತ ಕೇಳಿದ್ದಿರಿ. ಐದು ಅಂದೆ, ಜನ ನಾಲ್ಕು ಅಂದೆ. ಸಂಕೋಚದಿಂದ ಹಾಗೆ ಬರೆದಿದ್ದೆ. ಜನ ಐದು. ರಾಯಿಸಾ ಅವರ ಎಡಗಡೆ, ಗೋಡೆಯ ಪಕ್ಕ, ನಿಮ್ಮ ತಾಯಿ ಅಂತೊನಿನಾ ಫ್ಯೋದರೊವ್ನಾ ಕೂತಿದ್ದರು. ಬಾಗಿಲು ತೆರೆದಾಗ ಒಳಗೆ ಬಂದದ್ದು ಅವರೇ. ಬಟ್ಟೆ ಬಿಚ್ಚಿ ರೊಟ್ಟಿ ಮುರಿದದ್ದು ಅವರೇ. ಅವರಿಗೆ ಅದು ಹೊಸದಲ್ಲ ಅಂತ ಕೈ ನೋಡಿದರೆ ತಿಳಿಯುತ್ತಿತ್ತು. ಮಗನಿಗೆ ಹೇಳಬೇಡಿ ಅಂದರು. ಇಷ್ಟು ವರ್ಷ ಹೇಳಲಿಲ್ಲ.

ಈಗ ನಾನು ಕೇಳುತ್ತೇನೆ. ನಿಮ್ಮ ತಾಯಿಯ ತವರು ಯಾವುದು? ವಿತೆಬ್ಸ್ಕ್ ಕಡೆ ಅಂತ ಕ್ಯಾಂಟೀನಿನಲ್ಲಿ ಒಂದು ಸಲ ಹೇಳಿದ್ದಿರಿ. ಆ ಊರಿನಲ್ಲಿ ಒಂದು ಕಾಲಕ್ಕೆ ಅರ್ಧ ಜನ ಯಹೂದಿಗಳಿದ್ದರು ಅಂತ ನಿಮ್ಮ ಗೋಷ್ಠಿಯವರಿಗೆ ಗೊತ್ತಿರಬೇಕು. ಅವರ ತಾಯಿಯ ತವರು ಯಾವುದು? ಆ ಅಜ್ಜಿ ಹಬ್ಬದ ದಿನ ಏನು ಅಡುಗೆ ಮಾಡುತ್ತಿದ್ದರು? ಯಾವ ಸ್ಮಶಾನ, ಎಷ್ಟನೇ ಸಾಲು?

ಈ ಕಾಗದದ ಸಾರಾಂಶವನ್ನು ರಷ್ಯನ್ನಿನಲ್ಲಿ ಬರೆದು, ಕರಡು ಪುಟದ ಅಡಿಯಲ್ಲಿ ಅಚ್ಚಾಗಿದ್ದ ಗೋಷ್ಠಿಯ ವಿಳಾಸಕ್ಕೆ ಇವತ್ತೇ ಕಳಿಸಿದ್ದೇನೆ. ಅವರು ನನ್ನ ರೊಟ್ಟಿಯನ್ನು ನಂಬಿದವರು, ಇದನ್ನೂ ನಂಬುತ್ತಾರೆ. ಸೋನ್ಯಾಳ ಪುಟ ಸುಟ್ಟುಹಾಕಿ. ಆಮೇಲೆ ನೋಡೋಣ.

ಚನ್ನವೀರಪ್ಪ


ಮಾಸ್ಕೋ
20 ನವೆಂಬರ್ 2024

ಅಣ್ಣ,

ಅನುಬಂಧವನ್ನು ಸುಟ್ಟೆ. ಅಡುಗೆಮನೆಯ ತೊಟ್ಟಿಯಲ್ಲಿ, ನನ್ನ ಕೈಯಾರೆ. ನಿಮ್ಮ ಮಿತ್ರನ ಪುಟವನ್ನೂ ಸುಟ್ಟೆ. ಕೋಶ ನಿಂತಿದೆ. ಸಂಪಾದಕನೇ ಹೀಗಿರುವಾಗ ಕೋಶವನ್ನು ಯಾರು ನಂಬುತ್ತಾರೆ ಎಂದು ಅವರು ಹೇಳುತ್ತಾರೆ. ಬಹಳ ಮರ್ಯಾದೆಯಿಂದ ಹೇಳುತ್ತಾರೆ. ಮೂರು ಗುರುವಾರದಿಂದ ಯಾರೂ ಬಂದಿಲ್ಲ. ನಾನು ಲೋಟಗಳನ್ನು ಇಟ್ಟು ಕಾಯುತ್ತೇನೆ.

ನೀವು ಬರೆದದ್ದು ಸುಳ್ಳು. ನನಗೆ ಗೊತ್ತು. ಅಮ್ಮನ ಊರಿಗೆ ಹೋಗಲಾಗಲಿಲ್ಲ, ದಾಖಲೆ ತರಿಸಲು ಬರೆದೆ. 1941ರಲ್ಲಿ ಎಲ್ಲ ಸುಟ್ಟುಹೋಗಿದೆ ಎಂದು ಉತ್ತರ ಬಂತು. ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಎಪ್ಪತ್ತೆರಡು ವರ್ಷ ಗೊತ್ತಿಲ್ಲವೆಂಬುದೇ ಗೊತ್ತಿರಲಿಲ್ಲ. ಅಮ್ಮ ವಸಂತದಲ್ಲಿ ಒಂದು ವಾರ ಬ್ರೆಡ್ ತಿನ್ನುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು. ಪ್ರತಿ ವರ್ಷವೇ? ಒಂದೇ ವರ್ಷವೇ? ಜ್ಞಾಪಕ ಬರುತ್ತಿಲ್ಲ. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ಮೂಗನ್ನು, ಕಿವಿಯನ್ನು ನೋಡುತ್ತಾ ನಿಂತುಬಿಡುತ್ತೇನೆ. ನೀರು ಆರಿಹೋಗುತ್ತದೆ.

ಇಲ್ಯಾ ಪೆತ್ರೋವಿಚ್‌ರ ಮನೆಯಲ್ಲಿ ಮತ್ತೆ ದೀಪ ಹತ್ತುತ್ತಿದೆ. ಬೀಗ ಹಾಗೇ ಇದೆ, ಹೋಗಿ ಮುಟ್ಟಿ ನೋಡಿ ಬಂದೆ. ನಾಲ್ಕು ಗಂಟೆಗೆ ಹತ್ತುತ್ತದೆ. ಕಿಟಕಿಯಲ್ಲಿ ಒಬ್ಬ ಹೆಂಗಸು ನಿಲ್ಲುತ್ತಾಳೆ. ಬಾಡಿಗೆಗೆ ಬಂದವರಿರಬಹುದು. ನನ್ನ ಕಿಟಕಿಯನ್ನೇ ನೋಡುತ್ತಾಳೆ. ಮುಖ ಕಾಣುವುದಿಲ್ಲ, ತಲೆಗೆ ಕಂದು ಬಣ್ಣದ ಶಾಲು.

ಅಣ್ಣ, ‘ಅದು ಸುಳ್ಳು’ ಎಂದು ಒಂದು ಸಾಲು ಬರೆಯಿರಿ. ಗೋಷ್ಠಿಗೆ ಬೇಡ. ನನಗೆ ಮಾತ್ರ ಬರೆಯಿರಿ.

ಗ್ಲೆಬ್


ವಿಜಯನಗರ
9 ಜನವರಿ 2025

ಪ್ರೀತಿಯ ಇಲ್ಯಾ,

ನೀನು ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಇದ್ದೀಯೋ ಇಲ್ಲವೋ ಅದೂ ಗೊತ್ತಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವ ಹಾಗಿಲ್ಲ, ಹಾಕಿದರೆ ಯಾರ ಕೈ ಸೇರುತ್ತದೆ ಅಂತ ಒಂದು ಸಲ ಬುದ್ಧಿ ಕಲಿತಿದ್ದೇನೆ. ಆದರೂ ಬರೆಯದೆ ಇರಲಾರೆ. ನಿನ್ನ ಹತ್ತಿರ ಮಾತ್ರ ನಿಜ ಹೇಳಬಹುದು.

ನಾನು ಸುಳ್ಳು ಹೇಳಿದೆ. ಗ್ಲೆಬ್‌ನ ತಾಯಿ ಆ ದಿನ ಬಂದಿರಲಿಲ್ಲ. ನಾವು ನಾಲ್ಕೇ ಜನ ಇದ್ದದ್ದು ನಿನಗೂ ಗೊತ್ತು. ಬಾಲ್ಕನಿಯಲ್ಲಿ ಕೂತು, ಮೆಟ್ರೋ ರೈಲು ಹೋಗಿಬರುವುದನ್ನು ನೋಡುತ್ತಾ, ಒಂದು ಮಧ್ಯಾಹ್ನದಲ್ಲಿ ಕಟ್ಟಿದ ಕಥೆ ಅದು. ಸೋನ್ಯಾಳ ಮಕ್ಕಳ ಹೆಸರು ಹೊರಬೀಳಬಾರದು ಅಂತ ಕಟ್ಟಿದೆ. ಕೆಲಸ ಮಾಡಿತು. ಪುಟ ಸುಟ್ಟನಂತೆ. ಖುಷಿಪಡೋಣ ಅಂದರೆ ಆಗುತ್ತಿಲ್ಲ, ಯಾಕೆಂದರೆ ಅವನು ನಿನ್ನ ತಾಯಿಗೆ ಮಾಡಿದ್ದನ್ನೇ ನಾನು ಅವನ ತಾಯಿಗೆ ಮಾಡಿದೆ. ಯಹೂದಿ ಅನ್ನುವ ಪದವನ್ನು ಬೈಗುಳದ ಹಾಗೆ ಎತ್ತಿ ಎಸೆದೆ. ನಿನ್ನ ಮನೆಯ ಊಟದ ಮೇಜನ್ನೇ ಎತ್ತಿ ಎಸೆದೆ. ಕ್ಷಮಿಸು.

ಅವನು ಒಂದು ಸಾಲು ಕೇಳುತ್ತಿದ್ದಾನೆ. ಬರೆದರೆ ಕೋಶ ಮತ್ತೆ ಶುರುವಾಗುತ್ತದೆ. ಬರೆಯದಿದ್ದರೆ ಅವನಿಗೆ ಹುಚ್ಚು ಹಿಡಿಯುತ್ತದೆ. ಬರೆಯುವುದಿಲ್ಲ ಅಂತ ನಿರ್ಧಾರ ಮಾಡಿದ್ದೇನೆ. ಎದೆ ಮೇಲೆ ಕಲ್ಲು ಇಟ್ಟುಕೊಂಡೇ ಮಾಡಿದ್ದೇನೆ.

ಮೇಲಿನ ಮನೆಗೆ ಕಲಾ ಅಂತ ಒಬ್ಬಳು, ಅವಳ ಗಂಡ ಬಂದಿದ್ದಾರೆ. ನಾಯಂಡಹಳ್ಳಿಯ ಯಾವುದೋ ವರ್ಕ್‌ಶಾಪಿನಲ್ಲಿ ಅವನ ಕೆಲಸ. ದಾನಮ್ಮ ಬೀಗದ ಕೈ ಕೊಟ್ಟಳು, ನಾನು ಏನೂ ಕೇಳಲಿಲ್ಲ. ದೊಡ್ಡತನದಿಂದ ಅಲ್ಲ, ಬಾಯೇ ಬರಲಿಲ್ಲ.

ಇಷ್ಟಕ್ಕೆ ಮುಗಿಸಬೇಕಿತ್ತು, ಆದರೆ ನಿನ್ನೆ ಒಂದು ಘಟನೆ ಆಯಿತು. ಗ್ಲೆಬ್‌ನ ಕೊನೆಯ ಕಾಗದವನ್ನು ನಾನು ದಾನಮ್ಮನಿಗೆ ತೋರಿಸಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಬೀಗದ ಕೈಯನ್ನು ಸದಾ ಮೈಮೇಲೆಯೇ ಇರುವ ಶಿವದಾರಕ್ಕೆ ಕಟ್ಟಿಕೊಂಡಿದ್ದೇನೆ. ನನ್ನ ಸುಳ್ಳಿನ ಬಗ್ಗೆಯೂ ಅವಳಿಗೆ ಹೇಳಿರಲಿಲ್ಲ, ನಾಚಿಕೆಯಾಗಿತ್ತು. ನಿನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ತಡೆಯಲಾಗದೆ ಹೇಳಿಬಿಟ್ಟೆ. ಹೀಗೆ ಹೀಗೆ, ಗ್ಲೆಬ್‌ನ ತಾಯಿ ಆ ಊಟಕ್ಕೆ ಬಂದಿದ್ದರು ಅಂತ ಸುಳ್ಳು ಬರೆದಿದ್ದೇನೆ ಕಣೇ, ಅಂದೆ.

ಅವಳು ಕಾಳು ಬಿಡಿಸುವುದು ನಿಲ್ಲಿಸಲಿಲ್ಲ.

“ಸುಳ್ಳು ಯಾಕ್ರೀ ಆಗುತ್ತೆ?” ಅಂದಳು. “ಬಂದಿದ್ರಲ್ಲ. ನೀವು ಇಲ್ಯಾ ಅವರ ಜತೆ ಮಾತಿಗೆ ಬಿದ್ದಿದ್ರಿ, ನೋಡ್ಲಿಲ್ಲ. ಬಾಗಿಲು ತೆಗೆದ್ರಲ್ಲ ಆ ತಾಯಿ, ಆವಾಗ ಬಂದು ಗೋಡೆ ಪಕ್ಕ ಕೂತ್ರು. ಒಂದು ಮಾತೂ ಆಡ್ಲಿಲ್ಲ. ಕಂದು ಶಾಲು ಹೊದ್ದಿದ್ರು.”

ನಿನ್ನ,
ಚನ್ನ